ವಿಡಿಯೋದ ಮೂಲೆಯಲ್ಲಿ ನಾನು

ಭಾನುವಾರ, ೧೪. ರಾತ್ರಿ.

ಫೈನಲ್ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೆದುರು ಕ್ಯಾಪ್ಟನ್‌ಗೆ ಅಂದುಬಿಟ್ಟೆ, "ಕೊನೇ ಸೆಟ್ಟಲ್ಲಿ ಟೀಮನ್ನ ನೀನೇ ಮುಳುಗಿಸಿದೆ." ಅವಳು ಇಳಿಯುವಾಗ ತನ್ನ ಜರ್ಸಿಯನ್ನು ಮಡಚಿ ನನ್ನ ಪಕ್ಕದ ಸೀಟಿನ ಮೇಲಿಟ್ಟು ಹೋದಳು.

ಮನೆಗೆ ಬಂದವಳೇ ಮ್ಯಾಚಿನ ವಿಡಿಯೋ ನಿಧಾನಗತಿಯಲ್ಲಿ ಹಾಕಿಕೊಂಡು ಕೂತೆ. ಅದರಲ್ಲಿ ಧ್ವನಿ ಇರಲಿಲ್ಲ. ವಾಲಿಬಾಲ್ ನೀರೊಳಗೆ ತೇಲಿದಂತೆ ಹೋಗುತ್ತಿತ್ತು. ನೆಗೆದ ಹುಡುಗಿಯರು ಇಳಿಯುವುದನ್ನೇ ಮರೆತಂತಿದ್ದರು. ನೋಡುತ್ತ ನೋಡುತ್ತ ಸೋತದ್ದೂ ಮರೆತುಹೋಗಿತ್ತು. ಹಿಂದೆ ನಿಂತಿದ್ದ ಅಕ್ಕ ಕೇಳಿದಳು, "ಆ ಮೂಲೇಲಿ ತಲೆ ತಗ್ಗಿಸಿ ಬರೀತಿರೋಳು ನೀನಲ್ವೇನೇ? ಆ ಹುಡುಗಿ ನಿನ್ನನ್ನೇ ಕರೀತಿದಾಳಲ್ಲ!"

ಹೌದು. ಕ್ಯಾಪ್ಟನ್ ಮೂರು ಸಲ ನನ್ನತ್ತ ತಿರುಗಿ, ಟೈಮ್‌ಔಟ್ ಬೇಕೆಂದು ಕೈಸನ್ನೆ ಮಾಡಿದ್ದಾಳೆ. ನಾನು ಅವಳ ತಪ್ಪುಗಳನ್ನೇ ಬರೆದುಕೊಳ್ಳುತ್ತಿದ್ದೇನೆ. ಕೋಚ್ ಆದ ಹನ್ನೆರಡು ವರ್ಷದಲ್ಲಿ ಸೋತಾಗಲೆಲ್ಲ ವಿಡಿಯೋ ನೋಡಿದ್ದೇನೆ. ಆ ಮೂಲೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಅವಳಿಗೆ ಫೋನ್ ಮಾಡಿದೆ. "ತಪ್ಪು ನಂದು ಕಣಮ್ಮ. ನೀನು ಕರೆದೆ, ನಾನು ತಲೆ ಎತ್ತಲಿಲ್ಲ."

ಅವಳು ಅಂದಳು, "ನೀವು ಬೇಕಂತಲೇ ನೋಡ್ತಿಲ್ಲ ಅಂದ್ಕೊಂಡಿದ್ದೆ, ಮೇಡಂ. ನಾಳೆ ಪ್ರಾಕ್ಟೀಸಿಗೆ ಎಷ್ಟೊತ್ತಿಗೆ ಬರ್ಲಿ?"

ಆರಕ್ಕೆ ಅಂದೆ. ಎಲ್ಲರೆದುರು ಬೈದವಳು ಎಲ್ಲರೆದುರೇ ಒಪ್ಪಿಕೊಳ್ಳಬೇಕು. ಮೈಯೆಲ್ಲ ಹತ್ತಿಯಂತೆ ಹಗುರವಾಗಿದೆ, ಕಣ್ಣು ಎಳೆಯುತ್ತಿದೆ. ಮೊದಲ ಮಾತು ಹೇಗೆ ಶುರುಮಾಡುವುದೋ, ಅದೊಂದು ಮಾತ್ರ ಇನ್ನೂ...