ಮೆಂತೆ ಹಿಟ್ಟಿನ ಡಬ್ಬಿ

ಜಹೀರಾಬಾದ್
ರವಿವಾರ, 28 ಡಿಸೆಂಬರ್ 2025

ಪ್ರೀತಿಯ ಅಕ್ಕಾ,

‘ಪ್ರೀತಿಯ’ ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಹೊಡೆದು ಹಾಕಲು ಮನಸ್ಸಾಗಲಿಲ್ಲ, ಇರಲಿ ಬಿಡು. ನಿನ್ನ ಆರೋಗ್ಯ ಹೇಗಿದೆ? ಈ ಮಾತನ್ನು ಎಲ್ಲರೂ ರೂಢಿಗಾಗಿ ಬರೆಯುತ್ತಾರೆ, ನಾನು ನಿಜವಾಗಿಯೂ ಕೇಳುತ್ತಿದ್ದೇನೆ. ನೀನು ಫೋನ್ ಎತ್ತುವುದಿಲ್ಲ. ಮೊನ್ನೆಯಿಂದ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯ. ಭಾವ ಫೋನಿನಲ್ಲಿ ಅವ್ವನಿಗೆ ಹೇಳಿದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಇನ್ನೂ ವಾಂತಿ ನಿಂತಿಲ್ಲವಂತೆ, ತಾಂಡೂರಿನ ಡಾಕ್ಟರು ಮತ್ತೆ ಸಲೈನ್ ಹಚ್ಚಿದ್ದಾರಂತೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಂತೆ. ಗುಳಿಗೆಯ ಪರಿಣಾಮ ಇಷ್ಟು ದಿನ ಯಾಕೆ ಉಳಿಯಿತು ಎಂದು ಅವರಿಗೂ ಅರ್ಥವಾಗುತ್ತಿಲ್ಲವಂತೆ. ನನಗೆ ಅರ್ಥವಾಗಿದೆ, ಅಕ್ಕಾ. ಅದಕ್ಕೇ ಈ ಪತ್ರ.

ಬರೆಯುವುದು ಅಡ್ಡಾದಿಡ್ಡಿ ಹೋದರೆ ಸಹಿಸಿಕೋ. ಇವತ್ತೂ ನನ್ನ ಗುಳಿಗೆ ಇಲ್ಲ. ಉಳಿದಿದ್ದನ್ನೆಲ್ಲ ಅವ್ವ ಗಟಾರಕ್ಕೆ ಸುರಿದಿದ್ದಾಳೆ, ಡಾಕ್ಟರ ಹೊಸ ಚೀಟಿಗೆ ಹೈದರಾಬಾದಿಗೇ ಹೋಗಬೇಕು. ಈ ಎರಡು ಸಾಲು ಬರೆಯುವುದರಲ್ಲಿ ಹಾಲು ಉಕ್ಕಿ ಒಲೆಯ ಪಾಲಾಯಿತು. ಮೊನ್ನೆ ಮಂಗಳವಾರ ಬಸ್ಸು ನಾನು ಪಾಠ ಮಾಡುವ ನಾರಾಯಣಖೇಡ ದಾಟಿದ ಮೇಲೆ ನನಗೆ ಎಚ್ಚರ. ಇಳಿದು ಶಾಲೆಗೆ ವಾಪಸು ನಡೆದು ಬರುವಷ್ಟರಲ್ಲಿ ಮಕ್ಕಳ ಪ್ರಾರ್ಥನೆ ಮುಗಿದಿತ್ತು, ಹೆಡ್‌ಮಾಸ್ತರರು ಗಡಿಯಾರವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಹುಟ್ಟಾ ದಡ್ಡಿ, ಮರೆಗುಳಿ ಎಂದು ಬೈಸಿಕೊಂಡು ಬೆಳೆದ ನನಗೆ ಇದು ಎಡಿಎಚ್‌ಡಿ ಎಂಬ, ಗಮನ ನಿಲ್ಲದ ತೊಂದರೆ, ಇದಕ್ಕೆ ಮದ್ದಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಮೊದಲು ಫೋನ್ ಮಾಡಿದ್ದು ಯಾರಿಗೆ? ನಿನಗೆ. ಅವ್ವನಿಗೂ ಹೇಳಿರಲಿಲ್ಲ. ನೀನು ಅತ್ತೆ, ನಾನೂ ಅತ್ತೆ. ಗುಳಿಗೆ ತಿಂದರೆ ಮಧ್ಯಾಹ್ನ ಹಸಿವೇ ಆಗುವುದಿಲ್ಲ ಅಕ್ಕಾ ಎಂದು ದೂರಿಕೊಂಡವಳೂ ನಾನೇ. ನೀನು ‘ಹೌದಾ?’ ಎಂದು ಕೇಳಿದ ಆ ದನಿ ಈಗ ಕಿವಿಯಲ್ಲಿ ಬೇರೆಯೇ ಆಗಿ ಕೇಳುತ್ತದೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಸುಮನ್ ಹುಟ್ಟಿದ ಮೇಲೆ ನಿನ್ನ ಮೈ ಇಳಿಯಲಿಲ್ಲ. ನಿಮ್ಮತ್ತೆ ಅಮೃತಬಾಯಿಯವರು ಬಂದವರೆದುರಿಗೆಲ್ಲ ‘ನಮ್ಮ ಸೊಸಿ ಬರಾಕತ್ಯಾಳ, ಎರಡೂ ಕದಾ ತೆಗೀರೆವ್ವಾ’ ಎಂದು ನಗುತ್ತಿದ್ದರು. ನೀನೂ ನಗುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಿದ್ದೆ. ಬೇಸಿಗೆಯಲ್ಲಿ ರೊಟ್ಟಿ, ಅನ್ನ, ಬೆಲ್ಲ ಎಲ್ಲ ಬಿಟ್ಟೆ. ಜೋಳದ ರೊಟ್ಟಿ ತಿಂದು ಬೆಳೆದ ನೀನು ರೊಟ್ಟಿ ಅಂದರೆ ವಿಷ ಎಂದಾಗ ನನಗೆ ನಗು ಬಂತು. ಆದರೆ ದೀಪಾವಳಿಯ ಹೊತ್ತಿಗೆ ನಿನ್ನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅದೇ ಅತ್ತೆ ಈಗ ಊರೆಲ್ಲ ಹೇಳಿಕೊಂಡು ತಿರುಗಿದರು: ‘ನಮ್ಮ ವರದಾ ಬಾಯಿ ಕಟ್ಟಿ ಇಳಿಸ್ಯಾಳ, ಎಲ್ಲಾರ ಕೈಲಿಂದ ಆಗೂ ಮಾತಲ್ಲ.’ ನಾನೂ ಶಾಲೆಯ ಟೀಚರುಗಳಿಗೆ ನಿನ್ನ ಫೋಟೋ ತೋರಿಸಿ ಮೆರೆದೆ. ನನ್ನ ಅಕ್ಕನ ಮನಸ್ಸು ಎಷ್ಟು ಗಟ್ಟಿ ನೋಡಿರಿ ಎಂದೆ.

ಆ ದೀಪಾವಳಿಗೇ ನನ್ನ ಪರ್ಸಿನಿಂದ ಗುಳಿಗೆಯ ಪಟ್ಟಿಗಳು ಮಾಯವಾದದ್ದು. ನಿನಗೆ ನೆನಪಿರಬೇಕು, ಯಾಕೆಂದರೆ ನನ್ನ ಜೊತೆ ಹುಡುಕಿದವಳು ನೀನೇ. ಮಂಚದ ಕೆಳಗೆ ಬಗ್ಗಿ ಟಾರ್ಚ್ ಹಿಡಿದೆ. ಕಸದ ಬುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿಸಿದೆ. ‘ಎಲ್ಲಿಡ್ತಿಯೋ ನಿನಗ ಖಬರೇ ಇರಲ್ಲ. ಹೋದ ಸಲ ಚಪ್ಪಲಿನೇ ಬಸ್ಸಿನ್ಯಾಗ ಬಿಟ್ಟು ಬಂದಿದ್ದಿ’ ಎಂದು ತಲೆ ನೇವರಿಸಿದೆ. ನಾನು ನಂಬಿದೆ. ಯಾಕೆ ನಂಬಬಾರದು? ಕಳೆದುಕೊಳ್ಳುವುದೇ ನನ್ನ ಕಾಯಿಲೆ. ಡಾಕ್ಟರ ಮುಂದೆ ಕೈ ಮುಗಿದು ನಿಂತೆ. ‘ಇಂಥ ಗುಳಿಗೆ ಕಳೆಯುವ ವಸ್ತುವಲ್ಲಮ್ಮ’ ಎಂದು ಅವರು ನನ್ನನ್ನು ನೋಡಿದ ನೋಟಕ್ಕೆ ನೆಲಕ್ಕಿಳಿದು ಹೋದೆ. ಕದ್ದದ್ದನ್ನು ನಾನು ಕ್ಷಮಿಸಬಲ್ಲೆ, ಅಕ್ಕಾ. ನೀನು ಕೇಳಿದ್ದರೆ ಕೊಡುತ್ತಿರಲಿಲ್ಲ, ಅದೂ ನಿಜ. ಆದರೆ ಕದ್ದವಳೇ ಟಾರ್ಚ್ ಹಿಡಿದು ಹುಡುಕಿದೆಯಲ್ಲ, ನನ್ನ ಊನವನ್ನೇ ನಿನ್ನ ಕಳ್ಳತನಕ್ಕೆ ಮುಸುಕು ಮಾಡಿಕೊಂಡೆಯಲ್ಲ, ಅದು ನುಂಗಲಾಗುತ್ತಿಲ್ಲ. ಉಂಡೂ ಹೋದ ಕೊಂಡೂ ಹೋದ ಅನ್ನುತ್ತಾರೆ. ನೀನು ಉಣ್ಣಲಂತೂ ಇಲ್ಲ, ಕೊಂಡು ಮಾತ್ರ ಹೋದೆ.

ಎಳ್ಳ ಅಮಾವಾಸ್ಯೆಯ ದಿನ ರಾಯಿಕೋಡಿನ ಹೊಲದಲ್ಲಿ ಏನಾಯಿತು ಎಂದು ನಾನು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಶರಣಪ್ಪ ಕಾಕಾ, ಕಾಕು ಬೆಳೆಯ ಸುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು, ಬನ್ನಿಗಿಡದ ನೆರಳಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಹೊಲದಲ್ಲಿ ಬಡಿಸಿದ್ದನ್ನು ಬಿಟ್ಟರೆ ಕಾಕು ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ನೀನು ಯಾರೂ ನೋಡದಂತೆ ನಿನ್ನ ಕಡುಬನ್ನೆಲ್ಲ ನನ್ನ ತಟ್ಟೆಗೆ ದಾಟಿಸಿದೆ. ಚಿಕ್ಕಂದಿನಿಂದ ನಿನ್ನ ಚಾಳಿ ಅದು, ಬೇಡವಾದ ಹಾಗಲಕಾಯಿಯೆಲ್ಲ ನನ್ನ ತಟ್ಟೆಗೆ. ‘ಅರ್ಪಿತಾ ಇಬ್ಬರದು ಉಣ್ಣಾಕತ್ಯಾಳ’ ಎಂದು ಎಲ್ಲರೂ ನಕ್ಕರು, ನಾನು ನಿನ್ನ ಗುಟ್ಟು ಕಾಯ್ದು ಉಂಡೆ. ಕೈ ತೊಳೆಯಲು ಎದ್ದವಳು ನೀನು ಅಲ್ಲೇ ಕಡಲೆ ಸಾಲಿನ ಮೇಲೆ ಕುಸಿದೆ. ನಿನ್ನ ಎದೆಯ ಮೇಲೆ ಕೈ ಇಟ್ಟರೆ ಒಳಗೆ ಗುಬ್ಬಿ ಸಿಕ್ಕಿಹಾಕಿಕೊಂಡ ಹಾಗೆ ಬಡಿದುಕೊಳ್ಳುತ್ತಿತ್ತು. ಕಾಕಾನ ಜೀಪಿನಲ್ಲಿ ಜಹೀರಾಬಾದಿಗೆ ತರುವವರೆಗೆ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ನಾನು ದೇವರಿಗೆ ಏನೇನು ಹರಕೆ ಹೊತ್ತೆ ಎಂದು ನನಗೇ ನೆನಪಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನೀನು ಯಾವ ಔಷಧಿ ತೆಗೆದುಕೊಳ್ಳುತ್ತೀಯ ಎಂದು ಕೇಳಿದರು. ಭಾವ ನಿನ್ನ ಚೀಲ ತೆಗೆದು ಸುರಿದರು, ಗುಳಿಗೆಯ ಪಟ್ಟಿ ಹೊರಬಿತ್ತು. ಅದರ ಬೆನ್ನ ಮೇಲೆ ನಾನು ಕೆಂಪು ಪೆನ್ನಿನಿಂದ ಬರೆದ ವಾರಗಳ ಹೆಸರು. ತಿಂದೆನೋ ಇಲ್ಲವೋ ಎಂದು ಮರೆಯಬಾರದೆಂದು ಬರೆಯುತ್ತೇನೆ. ಅದು ಕಂಡಾಗಲೂ ನನಗೆ ಸಿಟ್ಟು ಬರಲಿಲ್ಲ, ನೀನು ಬದುಕಿದರೆ ಸಾಕಾಗಿತ್ತು. ಆಗ ನೀನು ಕಣ್ಣು ತೆರೆದು, ಅವ್ವ, ಭಾವ, ನಿಮ್ಮತ್ತೆ ಎಲ್ಲರೆದುರಿಗೆ ಹೇಳಿದೆ: ‘ಅರ್ಪಿತಾನೇ ಕೊಟ್ಟಾಳ್ರಿ. ತೂಕ ಇಳೀತದ ತಗೋ ಅಂತ ಆಕೀನೇ ಕೊಟ್ಟಾಳ.’ ನಾನು ಬಾಯಿ ತೆರೆದೆ. ನಿನ್ನ ಮೂಗಿನ ಆಕ್ಸಿಜನ್ ನಳಿಕೆ ನೋಡಿ ಮುಚ್ಚಿಕೊಂಡೆ. ಅವ್ವನ ಮಾತು ಈಗಲೂ ಸುಡುತ್ತದೆ: ‘ತಲಿ ಗುಳಿಗಿ ತಿಂದು ನಿನ್ನ ಬುದ್ಧಿ ಕೆಟ್ಟಿದ್ದು ಸಾಲ್ದೇನು, ಒಡಹುಟ್ಟಿದಾಕೀ ಜೀವಕ್ಕೂ ಕೈ ಹಾಕಿದಿ?’ ಅವತ್ತಿನಿಂದ, ಭಾವ ನಿನ್ನನ್ನು ತಾಂಡೂರಿಗೆ ಕರೆದೊಯ್ದ ಮೇಲೂ, ಈ ಮನೆಯಲ್ಲಿ ನನ್ನೊಡನೆ ಮಾತಿಲ್ಲ. ಊಟ ಬಡಿಸಿ ತಟ್ಟೆ ಸರಿಸುತ್ತಾಳೆ ಅಷ್ಟೆ. ಹಾಗಲಕಾಯಿ ದಾಟಿಸಿದ ಹಾಗೆ ಇದನ್ನೂ ನನ್ನ ತಟ್ಟೆಗೆ ದಾಟಿಸಿದೆ, ನಾನು ಇದನ್ನೂ ತಿನ್ನುತ್ತಿದ್ದೇನೆ.

ನಿನ್ನೆ ಮನೆಯ ಕೀಲಿ ಸಿಗಲಿಲ್ಲ. ಹಿಂದೊಮ್ಮೆ ಫ್ರಿಜ್ಜಿನಲ್ಲಿ ಸಿಕ್ಕಿದ್ದರಿಂದ ಅಲ್ಲೂ ಹುಡುಕಿದೆ. ಕಾಯಿಪಲ್ಲೆಯ ಕೆಳಗೆ, ಮೆಂತೆ ಹಿಟ್ಟು ಎಂದು ನಿನ್ನ ಅಕ್ಷರದ ಚೀಟಿ ಅಂಟಿಸಿದ ಡಬ್ಬಿ. ಹಬ್ಬದ ಹಿಂದಿನ ದಿನ ಬಂದಾಗ ನೀನೇ ಇಟ್ಟದ್ದು. ತೆಗೆದರೆ ಹಿಟ್ಟಿಲ್ಲ. ಹೊಟ್ಟೆಗೆ ಚುಚ್ಚಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್ ಪೆನ್ನು, ವಾರಕ್ಕೊಮ್ಮೆಯದು. ಅಂದರೆ ಆ ಗಟ್ಟಿ ಮನಸ್ಸೂ ಸುಳ್ಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬೇಸಿಗೆಯಿಂದ ಕುಡಿದಿದ್ದೀಯ. ಕೂಡಲೇ ನನ್ನ ಡಾಕ್ಟರಿಗೆ ಫೋನ್ ಮಾಡಿದೆ, ಹೆಸರು ಹೇಳಲಿಲ್ಲ. ಇಂಜೆಕ್ಷನ್ನೂ ಹಸಿವು ಕೊಲ್ಲುತ್ತದೆ, ಗುಳಿಗೆಯೂ ಕೊಲ್ಲುತ್ತದೆ, ಮೇಲೆ ಅನ್ನ ರೊಟ್ಟಿಯೂ ಇಲ್ಲವೆಂದರೆ ಮೈಯಲ್ಲಿ ಏನು ಉಳಿಯುತ್ತದಮ್ಮ ಎಂದರು. ಹೀಗೆ ವಾಂತಿ ನಿಲ್ಲದಿರುವುದು ಆ ಇಂಜೆಕ್ಷನ್ನಿನಿಂದಲೂ ಇರಬಹುದು, ಅದರ ಪ್ರಭಾವ ವಾರಗಟ್ಟಲೆ ಉಳಿಯುತ್ತದೆ, ನೋಡುತ್ತಿರುವ ಡಾಕ್ಟರಿಗೆ ಈಗಲೇ ಹೇಳಬೇಕು, ಮತ್ತೆ ಚುಚ್ಚಿಕೊಳ್ಳಲೇಬಾರದು ಎಂದರು.

ನಾನು ಯಾರಿಗೂ ಹೇಳಿಲ್ಲ. ನನ್ನ ಹೆಸರು ಕೆಟ್ಟಿದ್ದು ಕೆಟ್ಟಿತು, ಬೇಕಾದರೆ ಹಾಗೇ ಇರಲಿ. ನಿನ್ನ ಬಾಯಿಂದಲೇ ಡಾಕ್ಟರಿಗೆ ಒಂದು ಮಾತು ಹೇಳು, ಅಷ್ಟು ಸಾಕು. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕುತ್ತೇನೆ. ಸುಮನ್‌ಗೆ ನನ್ನ ಮುತ್ತು, ನಿಮ್ಮತ್ತೆಗೆ ಶರಣು. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಸ್ವಲ್ಪ ಗಂಜಿ ಕುಡಿ.

ನೀನು ಎಷ್ಟು ಬೇಡವೆಂದರೂ ನಿನ್ನ ತಂಗಿ,
ಅರ್ಪಿತಾ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಭಾವ ಈಗ ಬಂದರು, ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾರೆ. ನಿನ್ನ ಸೀರೆಗಳನ್ನು ಕೇಳಿದರು, ಕಟ್ಟಿಕೊಟ್ಟೆ. ಆಮೇಲೆ ‘ಫ್ರಿಜ್ಜಿನ್ಯಾಗ ವರದಾಂದು ಮೆಂತೆ ಹಿಟ್ಟಿನ ಡಬ್ಬಿ ಅದ ಅಂತ, ಮರೀದೇ ತಗೊಂಡು ಬರ್ರಿ ಅಂತ ಹೇಳ್ಯಾಳ’ ಎಂದರು. ಸಲೈನ್ ಹಚ್ಚಿಕೊಂಡು ಮಲಗಿಯೂ ಅದೇ ಬೇಕೇ ನಿನಗೆ? ಇನ್ನು ನಾನು ಕಾಯುವುದಿಲ್ಲ. ಡಬ್ಬಿಯನ್ನೂ ಈ ಪತ್ರವನ್ನೂ ಭಾವನ ಕೈಗೇ ಕೊಡುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ. ಬೈ, ಜೀವಮಾನವೆಲ್ಲ ಬೈ. ಬೈಯಲಿಕ್ಕಾದರೂ ನೀನು ಇರಬೇಕಲ್ಲ.

ಭಾವಾ, ಓದಿ ಮುಗಿಸಿದಿರಾದರೆ ಚಹಾ ಬಿಟ್ಟು ಏಳಿರಿ. ಮೊದಲು ಡಾಕ್ಟರಿಗೆ ಫೋನ್ ಮಾಡಿರಿ, ಡಬ್ಬಿ ಅವರ ಕೈಗೇ ಕೊಡಿರಿ. ಅಕ್ಕ ಅಳುತ್ತಾಳೆ, ಅಳಲಿ. ನೀವು ಬೈಯಬೇಡಿರಿ, ಆ ಕೆಲಸ ನನ್ನದು. ಮತ್ತೆ ನಿಮ್ಮ ಅವ್ವನಿಗೆ ನನ್ನ ಹೆಸರು ಹೇಳಿಯೇ ಹೇಳಿರಿ: ಆ ಕದ ತೆಗೆಯುವ ಮಾತು ಇನ್ನು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು.