ಕೋರಾ ಬಟ್ಟೆಯ ಮೇಲಿನ ರಾಜವಂಶಗಳು

ಅಪ್ಪಾಜಿ,

ನಿನ್ನೆ ತಮ್ಮ ಶಿವು ದಾವಣಗೆರೆಯಿಂದ ಬಂದಿದ್ದ. ಕಂಕುಳಲ್ಲಿ ನಿಮ್ಮ ಆ ಬಟ್ಟೆಯ ಸುರುಳಿ. ನೀವು ತೀರಿಹೋಗಿ ನಾಲ್ಕು ವರ್ಷವಾದ ಮೇಲೆ ನಾನು ಅದನ್ನು ಮತ್ತೆ ಕಂಡದ್ದು. ಗೋಡೆಗೆ ಒರಗಿಸಿ, "ಅಕ್ಕಾ, ಇದು ನಿಂದು. ನಮ್ಮನ್ಯಾಗ ಯಾಕ ಇರ್ಬೇಕು?" ಎಂದ. ಅದನ್ನು ಬಿಚ್ಚಿದಾಗಿನಿಂದ ನಿಮ್ಮ ಜೊತೆ ಒಬ್ಬಳೇ ಜಗಳವಾಡುತ್ತಿದ್ದೇನೆ. ನೀವಿದ್ದಾಗ ರಾಜರ ವಿಷಯಕ್ಕೆ ಎಷ್ಟು ಬೇಕಾದರೂ ಜಗಳವಾಡಬಹುದಿತ್ತು. ಮನೆಯ ವಿಷಯಕ್ಕೆ ನಿಮ್ಮೆದುರು ಬಾಯಿ ಬಿಟ್ಟವರು ಯಾರು?

ನೆನಪಿದೆಯಾ, ಮಿಲ್ಲಿನ ಕೋರಾ ಬಟ್ಟೆ ಹನ್ನೆರಡು ಮೊಳ ತಂದು ನಡುಮನೆಯಲ್ಲಿ ಹಾಸಿದ ದಿನ? "ಲೋಕದ ದೊಡ್ಡ ದೊಡ್ಡ ರಾಜವಂಶ ಎಲ್ಲಾ ಇದರ ಮ್ಯಾಲೆ ಬರ್ಬೇಕು ನೋಡು ಗಿರಿಜಾ" ಎಂದಿರಿ. ಹೈಸ್ಕೂಲಿಗೆ ಇತಿಹಾಸದ ಮೇಷ್ಟ್ರು ನೀವು, ಆದರೆ ಅಕ್ಷರ ಕೋಳಿ ಕೆದರಿದ ಹಾಗೆ. ಕುಂಚ ನನ್ನ ಕೈಗೆ ಬಂತು. ನನಗಾಗ ಹದಿನಾರು. ಎರಡು ತಿಂಗಳು ಮೊಣಕಾಲೂರಿ ಬರೆದೆ. ಚೀನಾದ ಹಾನ್ ವಂಶಕ್ಕೆ ಹಳದಿ, ತುರ್ಕಿಯ ಆಟೊಮನ್ನರಿಗೆ ಹಸಿರು, ಮೊಘಲರಿಗೆ ಕೆಂಪು. ಆಳಿದಷ್ಟು ಉದ್ದದ ಪಟ್ಟಿ, ಪಟ್ಟಿಯ ಕೊನೆಗೆ, ಆ ವಂಶದಿಂದ ಇವತ್ತಿಗೂ "ಉಳಿದದ್ದು" ಎಂಬ ಒಂದು ಚೌಕ. ಅಲ್ಲಿ ಏನು ಬರೆಯುವುದೆಂದು ಎಷ್ಟು ಕಿತ್ತಾಡಿದೆವು. ತುರ್ಕಿಯವರು ಆರುನೂರು ವರ್ಷ ಆಳಿದರಲ್ಲ, ಅವರೇ ದೊಡ್ಡವರು ಎಂದು ನಾನು. "ಉದ್ದ ನೋಡಿ ಮರುಳಾಗಬ್ಯಾಡ. ಹಾನ್ ದೊರೆಗಳ ಕಾಲಕ್ಕೆ ಕಾಗದ ಬಂತು. ಅದು ಇವತ್ತಿಗೂ ನಿನ್ನ ಕೈಯಾಗ ಐತೆ" ಎಂದು ನೀವು.

ಹೊಯ್ಸಳರ ಚೌಕದಲ್ಲಿ ಏನು ಬರೆಯುವುದೆಂದು ತೋಚದೆ ಒಂದು ಭಾನುವಾರ ನನ್ನನ್ನು ಹರಿಹರದ ಗುಡಿಗೆ ಕರೆತಂದಿರಿ. ಕಂಬದ ಬುಡದಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯನ್ನು, "ಯಾರವ್ವಾ ಇದನ್ನ ಕಟ್ಟಿಸಿದ್ದು?" ಎಂದು ಕೇಳಿದಿರಿ. "ಯಾರೋ ರಾಜರು ಇರ್ಬೇಕ್ರಿ. ಅವರ ಹೆಸರು ಕಟ್ಕಂಡು ನಮಗೇನು? ಕಲ್ಲು ತಣ್ಣಗೈತೆ, ಕೂಡ್ರಿ" ಎಂದಳು. ಕೂತಿರಿ. ಆಮೇಲೆ ಹೇಳಿದ ಮಾತು ನನಗೆ ಬಾಯಿಪಾಠ: "ಪಿರಮಿಡ್ಡಿಗೆ ಕಲ್ಲು ಎಳೆದೋರು ಯಾರು? ತಾಜಮಹಲಿಗೆ ಕಲ್ಲು ಕೊರೆದೋರು ಯಾರು? ನಮ್ಮ ಹೊಯ್ಸಳರ ಗುಡಿಗಳಾಗ ಶಿಲ್ಪಿ ತಾನು ಕೆತ್ತಿದ ವಿಗ್ರಹದ ಕೆಳಗೆ ತನ್ನ ಹೆಸರು ಕೆತ್ತಿದಾನೆ. ರಾಜ ಬ್ಯಾಡ ಅನ್ಲಿಲ್ಲ. ನನ್ನ ಕೇಳಿದ್ರೆ ಎಲ್ಲಾ ವಂಶಕ್ಕಿಂತ ಹೊಯ್ಸಳರೇ ದೊಡ್ಡೋರು." ಮನೆಗೆ ಬಂದು ಹೊಯ್ಸಳರ ಚೌಕದಲ್ಲಿ "ಕೆತ್ತಿದವರ ಹೆಸರು" ಎಂದು ಬರೆದೆ. ಅಷ್ಟು ಸಂತೋಷದಿಂದ ನಾನು ಮತ್ತೆ ಏನನ್ನೂ ಬರೆದಿಲ್ಲ.

ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಬಟ್ಟೆ ನೋಡುವ ಹಿಂದಿನ ದಿನ ನೀವೇ ಕುಂಚ ಹಿಡಿದು ಬಟ್ಟೆಯ ಮೂಲೆಯಲ್ಲಿ ಏನೋ ಬರೆಯುತ್ತಿದ್ದಿರಿ. ಒಲೆ ಬಿಟ್ಟು ಎದ್ದು ಬಂದು ನೋಡಿದೆ. "ಬರೆದವನು" ಎಂದಿತ್ತು, ಮುಂದೆ ಶಿವುವಿನ ಹೆಸರು. ಅವನು ಆಗಷ್ಟೇ ನಿಮ್ಮ ಹೈಸ್ಕೂಲು ಸೇರಿದ್ದ. ನಾನು ಕೇಳುವ ಮೊದಲೇ, "ನಿನ್ನ ಹೆಸರು ಹಾಕಿದ್ರೆ ಯಾರಿಗೆ ಏನು ಉಪಯೋಗ? ನೀನು ಇನ್ನೊಬ್ಬರ ಮನೆಗೆ ಹೋಗಾಕಿ. ಅವನು ವಂಶ ಬೆಳೆಸೋನು" ಎಂದಿರಿ. ಹೂಂ ಎಂದು ಒಲೆಯ ಹತ್ತಿರ ಹೋದೆ. ಗುಡಿಯ ಕಲ್ಲಿನ ಮೇಲೆ ಕೂತು ಅಷ್ಟೆಲ್ಲ ಹೇಳಿದವರು ನೀವೇ ಅಲ್ಲವೇ? ಅಥವಾ ಆ ಮಾತೆಲ್ಲ ಸತ್ತ ರಾಜರಿಗೆ ಮಾತ್ರ... ಅವತ್ತು ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಸಿಟ್ಟು ಈಗ ಬಂದಿದೆ, ಹತ್ತು ವರ್ಷ ತಡವಾಗಿ.

ನಿನ್ನೆ ಹೊಸ್ತಿಲು ದಾಟುವಾಗ ಶಿವು ನಿಂತು ಹೇಳಿದ ಸುದ್ದಿ ನಿಮಗೂ ಗೊತ್ತಿಲ್ಲ. "ಅವತ್ತು ಸಾಹೇಬ್ರು ನನ್ನ ಒಬ್ಬನ್ನೇ ವರಾಂಡಕ್ಕೆ ಕರ್ದು, ಇಷ್ಟು ಬರೆದೀಯಲ್ಲ, ಯಾವ ವಂಶದ್ದು ಏನು ಉಳೀತು ಹೇಳಪ್ಪ ಅಂದ್ರು. ಒಂದೂ ಬರ್ಲಿಲ್ಲ ಅಕ್ಕಾ. ಕಳ್ಳನ್ನ ನೋಡಿದಂಗೆ ನೋಡಿದ್ರು. ಅಪ್ಪಾಜಿಗೆ ಹೆಂಗೆ ಹೇಳ್ಬೇಕಿತ್ತು?" ಆಮೇಲೆ ಅವನು ಇತಿಹಾಸದ ಪುಸ್ತಕ ಮುಟ್ಟಲಿಲ್ಲ. ಮೇಷ್ಟ್ರ ಮಗ ಇತಿಹಾಸದಲ್ಲೇ ಫೇಲಾದ ಎಂದು ನೀವು ಬೈದಿರಿ, ಕಾರಣ ಕೇಳಿದಿರಾ? ನಿನ್ನೆ ಅಷ್ಟು ಹೇಳಿ, ಚಹಾ ಕೂಡ ಕುಡಿಯದೆ ಹೊರಟುಹೋದ. ಬಟ್ಟೆ ಬಿಚ್ಚಿದರೆ ಮೂಲೆಯಲ್ಲಿ ಅಂಗೈಯಗಲ ತೂತು. ತನ್ನ ಹೆಸರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಾನೆ.

ಆ ತೂತಿಗೆ ಇವತ್ತು ಬೆಳಿಗ್ಗೆ ತೇಪೆ ಹಾಕಿದೆ. ನಾನೀಗ ಹರಿಹರದಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು, ಅಪ್ಪಾಜಿ. ಇನ್ನೊಬ್ಬರ ಮನೆಗೇನೂ ಹೋಗಿಲ್ಲ. ಸೋಮವಾರ ಈ ಬಟ್ಟೆಯನ್ನು ನನ್ನ ತರಗತಿಯಲ್ಲಿ ತೂಗುಹಾಕುತ್ತೇನೆ. ತೇಪೆಯ ಮೇಲೆ "ಬರೆದವಳು" ಎಂದು ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು, "ಗಿರಿಜಾ" ಎಂದು ಬರೆದೆ. ಬಿಟ್ಟ ಜಾಗದಲ್ಲಿ ಇನಿಷಿಯಲ್ ಆಗಿ ನಿಮ್ಮ ಹೆಸರಿನ ಮೊದಲ ಅಕ್ಷರ ಬರಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ದಿನಾ ಬರೆಯುವ ಅಕ್ಷರವೇ. ಮೂರು ಸಲ ಕುಂಚ ಅದ್ದಿದೆ, ಕೈ ಮುಂದೆ ಹೋಗಲಿಲ್ಲ. ನಿಮ್ಮ ಮೇಲೆ ಪ್ರೀತಿ ಇಲ್ಲ ಎಂದಲ್ಲ, ಪ್ರೀತಿ ಇಲ್ಲದಿದ್ದರೆ ಇಷ್ಟು ಉದ್ದ ಕಾಗದ ಯಾಕೆ ಬರೆಯುತ್ತಿದ್ದೆ...

ಇದನ್ನೆಲ್ಲ ಯಾರು ಕಲಿಸಿದರು ಎಂದು ಹುಡುಗಿಯರು ಕೇಳಿದರೆ ನಿಮ್ಮ ಹೆಸರನ್ನೇ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ಅಷ್ಟು ಮಾತು ಕೊಡಬಲ್ಲೆ. ಕಲಸಿಟ್ಟ ಬಣ್ಣ ಒಣಗಿತು. ಆ ಜಾಗ ಖಾಲಿಯೇ ಇದೆ.

ಗಿರಿಜಾ