ವಾರು ಎಲೆಯ ಕಪ್ಪು ಪುಡಿ

ಕ್ಲಾಟೆನ್, ಜಾವಾ
೨೧ ಸೆಪ್ಟೆಂಬರ್ ೧೯೮೬

ಪ್ರೀತಿಯ ಮಾಸ್ ಸುಗೆಂಗ್,

ಹಡಗಿನಲ್ಲಿ ಹೊಟ್ಟೆ ತೊಳೆಸುವುದು ಕಡಿಮೆಯಾಯಿತೇ? ಬೆನ್ನುನೋವಿಗೆ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ಗೆಳೆಯರಿಗೆ ಹಂಚಿಬಿಟ್ಟಿರೋ? ನಾನು ಚೆನ್ನಾಗಿದ್ದೇನೆ. ಅತ್ತೆಯಂತೂ ಗುಂಡುಕಲ್ಲಿನ ಹಾಗಿದ್ದಾರೆ. ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಅಮ್ಮನಿಗೆ ಮರೆವು, ಹೆಪ್ಪಿನ ಎಲೆಗಳನ್ನೇ ಸುಟ್ಟುಕೊಂಡಿದ್ದಾಳೆ, ತೆಂಪೆ ಕೆಲಸ ನಿಲ್ಲಿಸಿ ಸುರಬಾಯಾದ ಅಕ್ಕನ ಮನೆಗೆ ಕಳಿಸಿಬಿಡು’ ಎಂದು ನೀವು ಬರೆದದ್ದನ್ನು ಕೇಳಿ ಅವರು ಎರಡು ದಿನ ಊಟ ಬಿಟ್ಟಿದ್ದರು.

ಈಗ ಸುದ್ದಿ ಕೇಳಿ. ಗೆದ್ದೆವು! ಆ ಎಲೆಗಳಲ್ಲಿದ್ದ, ಸೋಯಾ ಕಾಳನ್ನು ತೆಂಪೆಯ ಗಟ್ಟಿ ಬಿಲ್ಲೆಯಾಗಿಸುವ ನಿಮ್ಮ ಮುತ್ತಜ್ಜಿಯ ಕಾಲದ ಬೂಷ್ಟು ಮನೆಗೆ ಮರಳಿದೆ. ಇಷ್ಟು ದಿನ ಬುಟ್ಟಿಗಳು ಬೋರಲು ಬಿದ್ದಿದ್ದವು. ಅಂಗಡಿಯ ಪೊಟ್ಟಣದ ಹೆಪ್ಪಿನ ಪುಡಿ ಬೆರೆಸಿ ಎಂದು ಬೀದಿಯವರೆಲ್ಲ ಹೇಳಿದರೂ ಅತ್ತೆ ಒಪ್ಪಲಿಲ್ಲ. ಕೊನೆಗೆ ನನಗೇ ಹೊಳೆಯಿತು. ರಂಜಾನ್ ಹಬ್ಬಕ್ಕೆ ಚಿಕ್ಕಮ್ಮ ಸುಮಿರಾ ಮನೆಗೆ ನಾವು ಆ ಹಳೆಯ ಎಲೆಗಳಿಂದಲೇ ಮಾಡಿದ ತೆಂಪೆ ಕಳಿಸಿದ್ದೆವಲ್ಲ, ಉಳಿದದ್ದನ್ನು ಹಳಸಲು ಬಿಟ್ಟು, ಒಣಗಿಸಿ, ಸಾರಿಗೆ ಇಟ್ಟುಕೊಳ್ಳುವುದು ಅವರ ರೂಢಿ. ಸೈಕಲ್ ತುಳಿದುಕೊಂಡು ಹೋದರೆ ಒಂದೇ ಒಂದು ತುಂಡು ಉಳಿದಿತ್ತು, ಅದೂ ಅರೆಯುವ ಕಲ್ಲಿನ ಮೇಲೆ! ಕಿತ್ತುಕೊಂಡೆ. “ಏನೇ ಹುಡುಗಿ, ಹಳಸಿದ್ದಕ್ಕೂ ಇಷ್ಟು ಬರವಾ ನಿಮ್ಮನೇಲಿ?” ಎಂದರು ಚಿಕ್ಕಮ್ಮ.

ಅತ್ತೆ ಅದರ ಕಪ್ಪು ಮೈಯನ್ನು ಬೆಂದ ಸೋಯಾ ಕಾಳಿಗೆ ಸವರಿ, ವಾರು ಮರದ ಎರಡು ಎಲೆಗಳ ನವಿರು ರೋಮದ ಕಡೆ ಒಳಗೆ ಬರುವಂತೆ ಮಾಡಿ, ನಡುವೆ ಒತ್ತಿಟ್ಟರು. ಎರಡನೆಯ ದಿನಕ್ಕೆ ಬಿಳಿ ಎಳೆ ಹರಡಿ ಕಾಳುಗಳನ್ನು ಹೆಣೆದುಬಿಟ್ಟಿತು. ತಿನ್ನುವುದಕ್ಕಾದರೆ ಅಷ್ಟು ಸಾಕು. ನಾವು ಹಾಗೇ ಬಿಟ್ಟೆವು. ಎಳೆಗಳ ತುದಿಯಲ್ಲಿ ಸೂಜಿಮೊನೆಯಷ್ಟು ತಲೆಗಳೆದ್ದು, ಬೂದಿ ಬಣ್ಣಕ್ಕೆ ತಿರುಗಿ, ಕಪ್ಪಾಗಿ, ಒಡೆದು ಪುಡಿ ಉದುರಿಸಿದವು. ಪಕ್ಕದ ಮನೆಯ ಸಾರ್ನಿ ಇಣುಕಿ, “ಅತ್ತೆ ಸೊಸೆ ಇಬ್ರಿಗೂ ತಲೆ ಕೆಟ್ಟಿದೆ, ಕೊಳೆಸ್ತಾ ಕೂತವ್ರೆ” ಎಂದಳು. ಅತ್ತೆ ಬಿಡುತ್ತಾರೆಯೇ? “ಬೆಳ್ಳಗಿರೋದು ಹೊಟ್ಟೆಗೆ ಕಣೇ, ಕರ್ರಗಿರೋದು ವಂಶಕ್ಕೆ. ಹೂವಿಲ್ಲ, ಕಾಯಿಲ್ಲ, ಈ ಧೂಳೇ ಬೀಜ!” ಗಂಡು ಹೆಣ್ಣು ಕೂಡದೆಯೂ ಇದು ಲಕ್ಷಗಟ್ಟಲೆ ಹಡೆಯುತ್ತದಂತೆ. ವರ್ಷಕ್ಕೊಮ್ಮೆ ಬರುವ ಹಡಗಿಗೆ ಕಾಯುವ ನನಗಿಂತ ಅದರ ಪಾಡೇ ವಾಸಿ ಬಿಡಿ.

ಆ ಎಲೆಗಳನ್ನು ಒಣಗಿಸಿ ಮೊನ್ನೆ ಹೊಸ ಕಾಳಿಗೆ ತಿಕ್ಕಿದೆವು. ಇವತ್ತು ಬೆಳಗ್ಗೆ ಬಿಚ್ಚಿದರೆ ತೆಂಪೆ ಹಸುಗೂಸಿನ ಹಾಗೆ ಬೆಚ್ಚಗಿತ್ತು. ಕತ್ತರಿಸಿದರೆ ಒಂದು ಕಾಳೂ ಉದುರಲಿಲ್ಲ. ಎಂಟು ಗಂಟೆಗೆಲ್ಲ ಸಂತೆಯಲ್ಲಿ ಬುಟ್ಟಿ ಖಾಲಿ, ಸಾರ್ನಿಯೇ ಎರಡು ಕೊಂಡಳು! ನಾನು ಅಲ್ಲೇ ಕುಣಿದುಬಿಟ್ಟೆ, ಸುಳ್ಳಲ್ಲ.

ನಿಮ್ಮ ತಲೆ ನೇವರಿಸಿದ್ದೇನೆಂದು ಬರೆ ಎನ್ನುತ್ತಿದ್ದಾರೆ ಅತ್ತೆ. ಸಮುದ್ರ ನಿಮ್ಮನ್ನು ಜೋಪಾನ ಮಾಡಲಿ.

ನಿಮ್ಮ
ಕಸ್ಮಿಯಾ

ಮರೆತಿದ್ದೆ. ಮರೆತದ್ದೇನಲ್ಲ, ಧೈರ್ಯ ಬಂದಿರಲಿಲ್ಲ. ಅತ್ತೆ ಎಲೆಗಳನ್ನು ಸುಟ್ಟರೆಂದು ಬರೆದಿದ್ದೆನಲ್ಲ, ಅದು ಸುಳ್ಳು. ನಾನು ಮೀನು ಒಣಗಿಸುವವರ ಮನೆಯವಳು, ನನಗೇನು ಗೊತ್ತು? ಕಪ್ಪು ಧೂಳನ್ನು ಕೊಳೆಯೆಂದುಕೊಂಡು, ಎಲೆಗಳಿಗೆಲ್ಲ ಸೋಪು ಹಾಕಿ ತೊಳೆದು ತಂತಿಯ ಮೇಲೆ ಒಣಹಾಕಿದ್ದೆ. ಹೊಸ ಸೊಸೆಯನ್ನು ಬೀದಿಯವರು ಆಡಿಕೊಳ್ಳಬಾರದೆಂದು ಅತ್ತೆ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಇವತ್ತು ಸಂತೆಯಲ್ಲಿ ಎಲ್ಲರೆದುರು ನಿಜ ಹೇಳಿಬಿಟ್ಟೆ. ಅಕ್ಕನಿಗೆ ಕೂಡಲೇ ಬರೆಯಿರಿ, ಅಮ್ಮ ಎಲ್ಲಿಗೂ ಬರುವುದಿಲ್ಲ ಎಂದು.